ಗುಂಡಿನ ಸದ್ದಿಗೆ ಮುಂಚೆಯೇ ಓಡಿದವರು

ಇಂಗ್ಲಿಷಿನ ‘ಜಂಪ್ ದ ಗನ್’ ಎಂಬ ನುಡಿಗಟ್ಟಿಗೆ ಹಿಂದಿನ ಸಂಚಿಕೆಯ ಪದಪರಿಚಯದಲ್ಲಿ ಒಂದು ಸಾಲಿನ ಅರ್ಥ ಪ್ರಕಟವಾಗಿತ್ತು: ಹೊತ್ತಿಗೆ ಮುಂಚೆ ಕೆಲಸಕ್ಕೆ ಕೈಹಾಕುವುದು. ಅದನ್ನು ಓದಿದ ಶಿಕ್ಷಕರು, ಕ್ರೀಡಾಸಕ್ತರು ಮತ್ತು ಪತ್ರಿಕೋದ್ಯಮದ ವಿದ್ಯಾರ್ಥಿಗಳು ಬರೆದ ಪತ್ರಗಳಿಂದ ಒಂದಕ್ಕೊಂದು ಹೊಂದುವ ಪ್ರಶ್ನೆಗಳನ್ನು ಆರಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದೆ.

ಪ್ರಶ್ನೆ: ಸಚಿವರೊಬ್ಬರು ಸಂಪುಟದ ತೀರ್ಮಾನಕ್ಕೆ ಮೊದಲೇ ಯೋಜನೆಯನ್ನು ಘೋಷಿಸಿದರೂ, ಗುತ್ತಿಗೆದಾರರು ಅನುಮತಿ ಸಿಗುವ ಮೊದಲೇ ಕಾಮಗಾರಿ ಆರಂಭಿಸಿದರೂ ಇಂಗ್ಲಿಷ್ ಪತ್ರಿಕೆಗಳು ‘ಜಂಪ್ ದ ಗನ್’ ಎಂದೇ ಬರೆಯುತ್ತವೆ. ಇಲ್ಲಿರುವ ‘ಗನ್’ ಯುದ್ಧದ ಬಂದೂಕೇ, ಬೇಟೆಯ ಬಂದೂಕೇ? ಮಕ್ಕಳಿಗೆ ಹೇಗೆ ವಿವರಿಸಬೇಕು?
— ಪ್ರೌಢಶಾಲಾ ಶಿಕ್ಷಕಿ, ಹಾಸನ

ಉತ್ತರ: ಎರಡೂ ಅಲ್ಲ. ಅದು ಓಟದ ಸ್ಪರ್ಧೆಗೆ ಚಾಲನೆ ಕೊಡುವ ಅಧಿಕಾರಿಯ ಕೈಯಲ್ಲಿರುವ ಪಿಸ್ತೂಲು. ಅದರಿಂದ ಗುಂಡು ಹಾರುವುದಿಲ್ಲ. ಹೊರಬರುವುದು ಸದ್ದು, ಕಿಡಿ ಮತ್ತು ಹೊಗೆ ಮಾತ್ರ. ಓಟಗಾರರೆಲ್ಲ ಗೆರೆಯ ಹಿಂದೆ ಮೈ ಬಿಗಿಹಿಡಿದು ಕುಳಿತಿರುವಾಗ, ಆ ಸದ್ದು ಕೇಳುವ ಮೊದಲೇ ಒಬ್ಬರು ಮುಂದಕ್ಕೆ ಚಿಮ್ಮಿದರೆ ಅದೇ ‘ಜಂಪ್ ದ ಗನ್’.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಪಣ ಕಟ್ಟಿ ಆಡುವ ಓಟದ ಪಂದ್ಯಗಳಿಗೆ ಬಹಳ ಜನ ಸೇರುತ್ತಿದ್ದರು. ಇಬ್ಬರೇ ಓಡುವ ಪಂದ್ಯವನ್ನು ಎಷ್ಟೋ ಸಲ ಓಟಗಾರರ ಪರಸ್ಪರ ಒಪ್ಪಿಗೆಯ ಮೇಲೆಯೇ ಆರಂಭಿಸಲಾಗುತ್ತಿತ್ತು: ಇಬ್ಬರೂ ಗೆರೆಯವರೆಗೆ ಜೊತೆಯಾಗಿ ಬಂದು, ಇಬ್ಬರಿಗೂ ಸಮ್ಮತವಾದರೆ ಓಟ, ಇಲ್ಲವಾದರೆ ಹಿಂದಕ್ಕೆ ಹೋಗಿ ಮತ್ತೆ ಅದೇ ಪ್ರಯತ್ನ. ತನಗೆ ಒಂದು ಹೆಜ್ಜೆಯ ಲಾಭ ಸಿಗುವವರೆಗೆ ಒಪ್ಪದೆ ಎದುರಾಳಿಯನ್ನು ದಣಿಸುವ ಜಾಣರಿಗೆ ಈ ಪದ್ಧತಿ ತುಂಬ ಅನುಕೂಲವಾಗಿತ್ತು. ಓಡುವವರಿಬ್ಬರ ಹಿಡಿತದಲ್ಲೂ ಇಲ್ಲದ, ಇಬ್ಬರಿಗೂ ಸಮಾನವಾಗಿ ಕೇಳುವ ಒಂದು ಸಂಜ್ಞೆಯ ಅಗತ್ಯ ಎಷ್ಟಿತ್ತು ಎಂಬುದನ್ನು ಇದರಿಂದಲೇ ಊಹಿಸಬಹುದು. ಆ ಅಗತ್ಯವನ್ನು ಪಿಸ್ತೂಲಿನ ಸದ್ದು ಪೂರೈಸಿತು.

ಪಿಸ್ತೂಲು ಬಂದ ಮೇಲೆ ಅದನ್ನು ಮೀರುವವರೂ ಬಂದರು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನ 200 ಮೀಟರ್ ಅಂತಿಮ ಓಟದಲ್ಲಿ ಅಮೆರಿಕದ ಆರ್ಚಿ ಹಾನ್ ಒಬ್ಬರನ್ನು ಬಿಟ್ಟು ಉಳಿದ ಮೂವರೂ ಸದ್ದಿಗೆ ಮೊದಲೇ ಕದಲಿದ್ದರಿಂದ, ಆಗಿನ ನಿಯಮದಂತೆ ಅವರನ್ನು ಗೆರೆಯಿಂದ ಹಿಂದಕ್ಕೆ ಸರಿಸಿ ನಿಲ್ಲಿಸಲಾಯಿತು. ಹಾನ್ ಗೆದ್ದರು. ಆ ಕಾಲದ ಕ್ರೀಡಾಬರಹಗಳಲ್ಲಿ ‘ಪಿಸ್ತೂಲನ್ನು ಸೋಲಿಸುವುದು’ ಎಂಬ ಮಾತು ಬಳಕೆಯಲ್ಲಿತ್ತು. ಪಿಸ್ತೂಲಿನ ಜಾಗಕ್ಕೆ ‘ಗನ್’, ಸೋಲಿಸುವುದರ ಜಾಗಕ್ಕೆ ‘ಜಂಪ್’ ಬಂದದ್ದು ಅನಂತರ. ಮಕ್ಕಳಿಗೆ ಹೇಳಲು ಒಂದು ಸ್ವಾರಸ್ಯವಿದೆ. 1921ರಲ್ಲಿ ಅಮೆರಿಕದ ಅಯೋವಾ ರಾಜ್ಯದ ರೈತರ ಪತ್ರಿಕೆಯೊಂದು ಹಂದಿಮರಿಗಳಿಗೆ ಹಾಲು ಬಿಡಿಸುವ ಮೊದಲೇ ಕಾಳು ತಿನ್ನಿಸಲು ಆರಂಭಿಸಬೇಕೆಂದು ಸಲಹೆ ಕೊಡುತ್ತ ಈ ನುಡಿಗಟ್ಟನ್ನು ಬಳಸಿತು. ಆಟದ ಮೈದಾನದಾಚೆ ಸಿಗುವ ಅತಿ ಹಳೆಯ ಬಳಕೆಗಳಲ್ಲಿ ಒಂದಾದ ಅದರಲ್ಲಿ ನಿಂದೆಯ ಛಾಯೆಯೇ ಇಲ್ಲ. ಬೇಗ ಆರಂಭಿಸಿದರೆ ಲಾಭ ಎಂಬ ಮೆಚ್ಚುಗೆ ಇದೆ. ಇಂದು ಆ ಅರ್ಥ ಪೂರ್ತಿ ಅಳಿಸಿಹೋಗಿದೆ.

ಪ್ರಶ್ನೆ: ಇದಕ್ಕೂ ‘ಗೋ ಆಫ್ ಹಾಫ್ ಕಾಕ್ಡ್’ ಎಂಬ ಮಾತಿಗೂ ಸಂಬಂಧವಿದೆಯೇ? ಎರಡರಲ್ಲೂ ಬಂದೂಕು ಇದೆಯಲ್ಲ.
— ಪದವಿ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಸಂಬಂಧವಿಲ್ಲ. ಅದು ನಿಜವಾದ ಬಂದೂಕಿನ ಮಾತು. ಹಳೆಯ ಕಿಡಿಕಲ್ಲಿನ ಬಂದೂಕಿನಲ್ಲಿ ಕುದುರೆಯನ್ನು, ಅಂದರೆ ಬಡಿದು ಕಿಡಿ ಹೊತ್ತಿಸುವ ಭಾಗವನ್ನು, ಅರ್ಧಕ್ಕೆ ಎಳೆದು ನಿಲ್ಲಿಸಿದರೆ ಅದು ಸುರಕ್ಷಿತ ಸ್ಥಿತಿ. ಆ ಸ್ಥಿತಿಯಲ್ಲಿ ಗುಂಡು ಹಾರಬಾರದು. ಹಾರಿದರೆ ಸಿದ್ಧತೆ ಮುಗಿಯುವ ಮೊದಲೇ ಅವಘಡವಾದಂತೆ. ಹೀಗಾಗಿ ಆ ಮಾತು ಸಿದ್ಧತೆಯಿಲ್ಲದೆ ಮುನ್ನುಗ್ಗುವವರ ಕುರಿತದ್ದು. ಓಟಗಾರನ ವಿಷಯ ಬೇರೆ. ಅವನ ಸಿದ್ಧತೆಯಲ್ಲಿ ಕೊರತೆಯೇ ಇರುವುದಿಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿ ಬಂದಿರುತ್ತಾನೆ. ಅವನು ತಪ್ಪುವುದು ಕಾಯುವುದರಲ್ಲಿ.

ಪ್ರಶ್ನೆ: ನಾವು ಓಡುತ್ತಿದ್ದ ಕಾಲದಲ್ಲಿ ಒಂದು ಸಲ ತಪ್ಪಿದರೆ ಎಚ್ಚರಿಕೆ ಕೊಟ್ಟು ಮತ್ತೆ ಓಡಿಸುತ್ತಿದ್ದರು. ಈಗ ಮೊದಲ ತಪ್ಪಿಗೇ ಹೊರಗೆ ಕಳುಹಿಸುತ್ತಾರೆ. ಇಷ್ಟು ಕಠಿಣವಾಗಲು ಕಾರಣವೇನು? ಅಲ್ಲದೆ, ಸದ್ದು ಕೇಳಿದ ಮೇಲೆಯೇ ಓಡಿದವರನ್ನೂ ಕೆಲವೊಮ್ಮೆ ಅನರ್ಹಗೊಳಿಸುತ್ತಾರೆಂದು ಓದಿದೆ. ಅದು ಹೇಗೆ ನ್ಯಾಯ?
— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ದಾವಣಗೆರೆ

ಉತ್ತರ: ತಮ್ಮ ನೆನಪು ಸರಿಯಾಗಿದೆ. 2002ರವರೆಗೆ ಪ್ರತಿ ಓಟಗಾರನಿಗೂ ಒಂದು ತಪ್ಪಿನ ಅವಕಾಶವಿತ್ತು. ಅದೇ ವ್ಯಕ್ತಿ ಎರಡನೆಯ ಸಲ ತಪ್ಪಿದರೆ ಮಾತ್ರ ಅನರ್ಹತೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ 100 ಮೀಟರ್ ಅಂತಿಮ ಓಟದಲ್ಲಿ ಹಿಂದಿನ ಚಾಂಪಿಯನ್ ಬ್ರಿಟನ್ನಿನ ಲಿನ್‌ಫರ್ಡ್ ಕ್ರಿಸ್ಟಿ ಹೊರಬಿದ್ದದ್ದು ಹೀಗೆ ಎರಡು ಸಲ ತಪ್ಪಿಯೇ. ಬಳಿಕ ಕೆನಡಾದ ಡೊನೊವನ್ ಬೈಲಿ 9.84 ಸೆಕೆಂಡುಗಳಲ್ಲಿ ವಿಶ್ವದಾಖಲೆಯೊಂದಿಗೆ ಗೆದ್ದರು. ಎಂಟು ಮಂದಿಗೂ ಒಂದೊಂದು ಅವಕಾಶವಿದ್ದರೆ ಒಂದು ಓಟ ಎಷ್ಟು ಸಲ ನಿಂತು ಎಷ್ಟು ಸಲ ಶುರುವಾಗಬಹುದೆಂದು ತಾವೇ ಲೆಕ್ಕ ಹಾಕಬಹುದು. ಅದನ್ನು ತಪ್ಪಿಸಲು 2003ರಿಂದ ಇಡೀ ಸಾಲಿಗೆ ಒಂದೇ ಎಚ್ಚರಿಕೆ ಎಂದಾಯಿತು: ಮೊದಲ ತಪ್ಪು ಯಾರೇ ಮಾಡಲಿ, ಅದು ಎಲ್ಲರ ತಲೆಯ ಮೇಲೆ ಬೀಳುತ್ತಿತ್ತು, ಎರಡನೆಯ ಸಲ ತಪ್ಪಿದವರು, ಅದು ಅವರ ಮೊದಲ ತಪ್ಪೇ ಆಗಿದ್ದರೂ, ಹೊರಗೆ.

ಈ ನಿಯಮ ಉದ್ದೇಶದಲ್ಲಿ ಒಳ್ಳೆಯದಾಗಿದ್ದರೂ ಆಚರಣೆಯಲ್ಲಿ ಕೆಟ್ಟಿತು ಎಂಬುದು ನನ್ನ ಅಭಿಪ್ರಾಯ. ನಿಧಾನವಾಗಿ ಏಳುವ ಓಟಗಾರರು ಬೇಕೆಂದೇ ಮೊದಲ ತಪ್ಪು ಮಾಡಿ, ಚುರುಕಾಗಿ ಏಳುವವರು ಹೆದರಿ ಕಾಯುವಂತೆ ಮಾಡಬಹುದಾಗಿತ್ತು. ಅದೇ ವರ್ಷದ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಜಾನ್ ಡ್ರಮಂಡ್ ತಾನು ಕದಲಲೇ ಇಲ್ಲವೆಂದು ವಾದಿಸಿ ಓಟದ ಪಥದ ಮೇಲೆಯೇ ಮಲಗಿಬಿಟ್ಟರು. ಯಂತ್ರ ಸದ್ದಿಗೆ ಅವರ ಪ್ರತಿಕ್ರಿಯೆಯನ್ನು 0.052 ಸೆಕೆಂಡ್, ಅಂದರೆ ನಿಯಮ ಒಪ್ಪುವ 0.100 ಸೆಕೆಂಡಿಗಿಂತ ಕಡಿಮೆ, ಎಂದು ತೋರಿಸಿತ್ತು. ಕೊನೆಗೆ 2009ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟದ ಸಭೆ ಈಗಿನ ನಿಯಮವನ್ನು ಒಪ್ಪಿ, 2010ರ ಜನವರಿ 1ರಿಂದ ಮೊದಲ ತಪ್ಪಿಗೇ ಅನರ್ಹತೆ ಎಂದು ಜಾರಿಗೆ ತಂದಿತು. ಅದರ ಬಿಸಿ ಲೋಕಕ್ಕೆ ತಟ್ಟಿದ್ದು 2011ರ ಆಗಸ್ಟ್ 28ರಂದು, ದಕ್ಷಿಣ ಕೊರಿಯಾದ ಡೇಗುವಿನಲ್ಲಿ. 100 ಮೀಟರ್ ಅಂತಿಮ ಓಟದಲ್ಲಿ ಉಸೇನ್ ಬೋಲ್ಟ್ ಸದ್ದಿಗೆ ಮೊದಲೇ ಎದ್ದರು. ಯಾರ ತೀರ್ಪಿಗೂ ಕಾಯದೆ, ತಪ್ಪು ತನ್ನದೆಂದು ತಿಳಿದ ಕ್ಷಣವೇ ಅಂಗಿ ಕಿತ್ತು ನಡೆದರು. ಅವರಿಗೇ ಅಭ್ಯಾಸದ ಜೊತೆಗಾರನಾಗಿದ್ದ ಯೊಹಾನ್ ಬ್ಲೇಕ್ 9.92 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಇಂಥ ತಾರೆಯೇ ಹೊರಗುಳಿದದ್ದರಿಂದ ನಿಯಮವನ್ನು ಸಡಿಲಿಸಬೇಕೆಂಬ ಒತ್ತಾಯ ಎದ್ದಿತಾದರೂ ಒಕ್ಕೂಟ ಬಗ್ಗಲಿಲ್ಲ. ನನಗೆ ಆ ನಿಲುವು ಸರಿಯೆನಿಸುತ್ತದೆ. ಬೋಲ್ಟ್‌ಗೆ ಒಂದು, ಉಳಿದವರಿಗೆ ಒಂದು ಎಂದಾಗಿದ್ದರೆ ಪಿಸ್ತೂಲಿಗೆ ಅರ್ಥವೇ ಉಳಿಯುತ್ತಿರಲಿಲ್ಲ.

ತಮ್ಮ ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಸದ್ದು ಕಿವಿಗೆ ಬಿದ್ದು, ಮಿದುಳಿಗೆ ತಲುಪಿ, ಅಲ್ಲಿಂದ ಹೊರಟ ಆಜ್ಞೆ ಕಾಲಿನ ಸ್ನಾಯುಗಳಿಗೆ ಮುಟ್ಟಿ, ಆ ಸ್ನಾಯುಗಳು ಪಾದಕ್ಕೆ ಆಧಾರವಾಗಿರುವ ಸ್ಟಾರ್ಟಿಂಗ್ ಬ್ಲಾಕನ್ನು ಒತ್ತುವಷ್ಟರಲ್ಲಿ ಸ್ವಲ್ಪ ಸಮಯ ಕಳೆಯಲೇಬೇಕು. 0.100 ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮನುಷ್ಯದೇಹಕ್ಕೆ ಇದು ಸಾಧ್ಯವಿಲ್ಲ ಎಂದು ನಿಯಮ ಭಾವಿಸುತ್ತದೆ. ಬ್ಲಾಕಿನಲ್ಲಿರುವ ಸಂವೇದಕ ಅದಕ್ಕಿಂತ ಮೊದಲೇ ಒತ್ತಡವನ್ನು ದಾಖಲಿಸಿದರೆ, ಓಟಗಾರ ಸದ್ದಿಗೆ ಸ್ಪಂದಿಸಿದ್ದಲ್ಲ, ಸದ್ದು ಯಾವಾಗ ಬರಬಹುದೆಂದು ಊಹಿಸಿ ಎದ್ದದ್ದು ಎಂದು ತೀರ್ಮಾನವಾಗುತ್ತದೆ. ಅಂದರೆ ಇಲ್ಲಿ ಶಿಕ್ಷೆ ಬೀಳುವುದು ಬೇಗ ಎದ್ದದ್ದಕ್ಕಲ್ಲ, ಕೇಳದೆಯೇ ಎದ್ದದ್ದಕ್ಕೆ.

ತತ್ತ್ವ ನಿರ್ದುಷ್ಟವಾಗಿದೆ, ಅಂಕಿ ಮಾತ್ರ ಅಷ್ಟು ನಿರ್ದುಷ್ಟವಲ್ಲ. 2022ರ ಜುಲೈನಲ್ಲಿ ಅಮೆರಿಕದ ಯೂಜೀನ್ ನಗರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 110 ಮೀಟರ್ ಹರ್ಡಲ್ಸ್ ಅಂತಿಮ ಓಟದಲ್ಲಿ ಡೆವನ್ ಆಲೆನ್ ಎಂಬ ಅಮೆರಿಕದ ಓಟಗಾರನ ಪ್ರತಿಕ್ರಿಯೆ 0.099 ಎಂದು ದಾಖಲಾಯಿತು. ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ವ್ಯತ್ಯಾಸ. ಆತ ಓದಿದ ವಿಶ್ವವಿದ್ಯಾಲಯದ ಮೈದಾನವದು. ತಂದೆ ತೀರಿಕೊಂಡು ಕೆಲವೇ ವಾರಗಳಾಗಿದ್ದವು. ತವರಿನ ಪ್ರೇಕ್ಷಕರು ಪ್ರತಿಭಟಿಸಿ ಕೂಗುತ್ತಿದ್ದರು. ಆದರೂ ಆತ ಹೊರನಡೆಯಬೇಕಾಯಿತು. ಅದೇ ಕೂಟದಲ್ಲಿ ಮಹಿಳಾ ಓಟಗಾರ್ತಿಯರಾದ ಜೂಲಿಯನ್ ಆಲ್ಫ್ರೆಡ್ 0.095 ಮತ್ತು ಟಿನಿಯಾ ಗೇದರ್ 0.093 ಸೆಕೆಂಡುಗಳ ಕಾರಣದಿಂದ ಅನರ್ಹರಾದರು. ಬ್ರಿಟನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸದ್ದಿಗೆ ಸ್ನಾಯುಗಳ ಸ್ಪಂದನ 0.085 ಸೆಕೆಂಡಿಗಿಂತಲೂ ಬೇಗ ಆಗಬಹುದೆಂದು ತೋರಿಸಿತ್ತು. ಹಾಗಿದ್ದರೆ ಆಲೆನ್ ಸದ್ದನ್ನು ಕೇಳಿಯೇ ಎದ್ದಿರಬಹುದು. ಗಡಿಯೊಂದು ಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಸಾವಿರದಲ್ಲಿ ಒಂದು ಭಾಗವನ್ನು ಅಳೆದು ಒಬ್ಬರನ್ನು ತಪ್ಪಿತಸ್ಥರೆನ್ನುವಾಗ ಗಡಿಯ ಹಿಂದಿನ ವಿಜ್ಞಾನವೂ ಅಷ್ಟೇ ಸೂಕ್ಷ್ಮವಾಗಿರಬೇಕಲ್ಲವೇ? ತಾವು ಕೇಳಿದ ‘ಹೇಗೆ ನ್ಯಾಯ’ ಎಂಬ ಪ್ರಶ್ನೆಗೆ ಈ ಅಂಶದಲ್ಲಿ ನಾನು ತಮ್ಮ ಪಕ್ಷದವನು.

ಪ್ರಶ್ನೆ: ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಜ್ಯೋತಿ ಯರ್‍ರಾಜಿ ಕೂಡ ಸದ್ದಿಗೆ ಮೊದಲೇ ಎದ್ದದ್ದನ್ನು ದೂರದರ್ಶನದಲ್ಲಿ ಕಣ್ಣಾರೆ ನೋಡಿದೆ. ಆದರೂ ಅವರಿಗೆ ಬೆಳ್ಳಿ ಸಿಕ್ಕಿತು. ನಿಯಮ ಅವರಿಗೆ ಅನ್ವಯವಾಗಲಿಲ್ಲವೇ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಅನ್ವಯವಾಯಿತು, ಬೆಳ್ಳಿ ಸಿಕ್ಕಿದ್ದು ನಿಯಮದ ಪ್ರಕಾರವೇ. 2023ರ ಅಕ್ಟೋಬರ್ 1ರಂದು ನಡೆದ ಮಹಿಳೆಯರ 100 ಮೀಟರ್ ಹರ್ಡಲ್ಸ್‌ನಲ್ಲಿ ಮೊದಲು ಚಿಮ್ಮಿದವರು ಚೀನಾದ ವು ಯಾನ್ನಿ. ಪಕ್ಕದ ಪಥದಲ್ಲಿ ಯಾರಾದರೂ ಹಾಗೆ ನುಗ್ಗಿದಾಗ ಕಣ್ಣಂಚಿನಲ್ಲಿ ಕಂಡ ಆ ಚಲನೆಗೆ ಮೈ ತಾನಾಗಿ ಹಿಂಬಾಲಿಸುತ್ತದೆ. ಜ್ಯೋತಿ ಅವರಿಗೆ ಆದದ್ದು ಅದೇ. ಕ್ರೀಡಾ ನಿಯಮಾವಳಿಯಲ್ಲಿ ಈ ಸಂದರ್ಭಕ್ಕೆಂದೇ ಒಂದು ವಿವರಣೆಯಿತ್ತು. ಒಬ್ಬರು ತಪ್ಪಿದಾಗ ಉಳಿದವರೂ ಹಿಂಬಾಲಿಸುವುದು ಸಹಜ, ಕಟ್ಟುನಿಟ್ಟಾಗಿ ನೋಡಿದರೆ ಅವರೂ ತಪ್ಪಿದವರೇ, ಆದರೆ ಆ ತಪ್ಪಿಗೆ ಕಾರಣರಾದವರನ್ನು ಮಾತ್ರ ಶಿಕ್ಷಿಸಬೇಕು ಎಂಬುದು ಅದರ ಸಾರ.

ಆ ದಿನ ಅಧಿಕಾರಿಗಳು ಮೊದಲು ಇಬ್ಬರನ್ನೂ ಹೊರಗೆ ಕಳುಹಿಸಲು ಮುಂದಾದರು. ಜ್ಯೋತಿ ಅಲ್ಲಿಂದ ಕದಲದೆ, ದೃಶ್ಯವನ್ನು ಮತ್ತೆ ನೋಡುವಂತೆ ಒತ್ತಾಯಿಸಿದರು. ಬಹಳ ಹೊತ್ತಿನ ಚರ್ಚೆಯ ಬಳಿಕ ಇಬ್ಬರಿಗೂ ಆಕ್ಷೇಪಣೆಯ ಅಡಿಯಲ್ಲಿ, ಅಂದರೆ ತೀರ್ಪು ಓಟದ ಬಳಿಕ ಎಂಬ ಷರತ್ತಿನ ಮೇಲೆ, ಓಡಲು ಅವಕಾಶ ಸಿಕ್ಕಿತು. ಅಷ್ಟೆಲ್ಲ ಗೊಂದಲದ ನಡುವೆಯೂ ಜ್ಯೋತಿ 12.91 ಸೆಕೆಂಡುಗಳಲ್ಲಿ ಮೂರನೆಯವರಾಗಿ ಗುರಿಮುಟ್ಟಿದರು. ವು ಯಾನ್ನಿ ಎರಡನೆಯವರಾಗಿದ್ದರು. ಓಟದ ಬಳಿಕ ವು ಯಾನ್ನಿ ಅನರ್ಹರೆಂದು ತೀರ್ಮಾನವಾಗಿ ಜ್ಯೋತಿ ಅವರ ಕಂಚು ಬೆಳ್ಳಿಯಾಯಿತು. ನಿಯಮವನ್ನು ಚೆನ್ನಾಗಿ ಬಲ್ಲ ಓಟಗಾರ್ತಿಯೊಬ್ಬರು ಅನ್ಯಾಯದ ಕ್ಷಣದಲ್ಲಿ ಅಂಜದೆ ನಿಂತದ್ದು ಅವರ ಓಟದಷ್ಟೇ ದೊಡ್ಡ ಸಾಧನೆ.

ಪ್ರಶ್ನೆ: ಈಜಿನಲ್ಲೂ ಇದೇ ನಿಯಮವೇ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಹೌದು, ಅಲ್ಲಿ ಓಟಕ್ಕಿಂತ ಮೊದಲೇ ಬಂದಿತು. 2000ದ ಸಿಡ್ನಿ ಒಲಿಂಪಿಕ್ಸ್‌ನ 100 ಮೀಟರ್ ಫ್ರೀಸ್ಟೈಲ್ ಪ್ರಾಥಮಿಕ ಸುತ್ತೊಂದರಲ್ಲಿ ಮೂವರು ಮಾತ್ರ ಇದ್ದರು. ನೈಜರ್ ಮತ್ತು ತಜಿಕಿಸ್ತಾನದ ಇಬ್ಬರು ಸಂಜ್ಞೆಗೆ ಮೊದಲೇ ನೀರಿಗೆ ಬಿದ್ದು ಅನರ್ಹರಾದರು. ಉಳಿದ ಈಕ್ವಟೋರಿಯಲ್ ಗಿನಿಯ ಎರಿಕ್ ಮೂಸಂಬಾನಿ ಈಜು ಕಲಿತು ಒಂದು ವರ್ಷವೂ ಆಗಿರಲಿಲ್ಲ; ಊರಿನ ಹೋಟೆಲೊಂದರ ಚಿಕ್ಕ ಕೊಳದಲ್ಲಿ ಅಭ್ಯಾಸ ಮಾಡಿದ್ದವರು. ಒಬ್ಬರೇ ಈಜಿ, ಕೊನೆಯ ಮೀಟರುಗಳಲ್ಲಿ ಮುಳುಗುವಂತಾದರೂ ಬಿಡದೆ, 1 ನಿಮಿಷ 52.72 ಸೆಕೆಂಡುಗಳಲ್ಲಿ ಗುರಿಮುಟ್ಟಿ, ಇಡೀ ಕ್ರೀಡಾಂಗಣದ ಚಪ್ಪಾಳೆಯ ನಡುವೆ ಆ ಸುತ್ತನ್ನು ಗೆದ್ದರು.

ಪ್ರಶ್ನೆ: ಸುದ್ದಿಯ ಲೋಕದಲ್ಲಿ ‘ಜಂಪ್ ದ ಗನ್’ ಎಂಬುದಕ್ಕೆ ಅತಿ ಪ್ರಸಿದ್ಧವಾದ ಉದಾಹರಣೆ ಯಾವುದು?
— ಪತ್ರಿಕೋದ್ಯಮ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಸಾಮಾನ್ಯವಾಗಿ ಎಲ್ಲರೂ ಹೆಸರಿಸುವುದು 1948ರ ನವೆಂಬರ್ 3ರ ‘ಷಿಕಾಗೊ ಡೈಲಿ ಟ್ರಿಬ್ಯೂನ್’ ಪತ್ರಿಕೆಯನ್ನು. ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಡ್ಯೂಯಿ ಅವರು ಟ್ರೂಮನ್ ಅವರನ್ನು ಸೋಲಿಸಿದರೆಂದು ಅದು ಮುಖಪುಟದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚುಹಾಕಿತು. ಗೆದ್ದವರು ಟ್ರೂಮನ್. ಅಚ್ಚುಮೊಳೆ ಜೋಡಿಸುವ ಕಾರ್ಮಿಕರ ಮುಷ್ಕರದಿಂದಾಗಿ ಪತ್ರಿಕೆಯ ಮೊದಲ ಆವೃತ್ತಿಯನ್ನು ಎಂದಿಗಿಂತ ಬಹಳ ಮುಂಚೆ ಮುದ್ರಣಕ್ಕೆ ಕಳುಹಿಸಬೇಕಾಗಿತ್ತು. ಮತ ಎಣಿಕೆ ಆಗಿನ್ನೂ ಎಳಸಾಗಿತ್ತು. ಅದಕ್ಕೂ ಮೊದಲು 1918ರ ನವೆಂಬರ್ 7ರಂದು ಅಮೆರಿಕದ ಯುನೈಟೆಡ್ ಪ್ರೆಸ್ ಸಂಸ್ಥೆ ಮಹಾಯುದ್ಧ ಮುಗಿಯಿತೆಂದು ಸುದ್ದಿ ಕೊಟ್ಟು, ನ್ಯೂಯಾರ್ಕಿನ ಬೀದಿಗಳಲ್ಲಿ ಜನ ಕುಣಿದರು. ಯುದ್ಧವಿರಾಮಕ್ಕೆ ಸಹಿ ಬಿದ್ದದ್ದು ನಾಲ್ಕು ದಿನಗಳ ಬಳಿಕ. ಆ ನಾಲ್ಕು ದಿನಗಳಲ್ಲೂ ರಣರಂಗದಲ್ಲಿ ಸಾವುಗಳು ನಿಂತಿರಲಿಲ್ಲ.

ಆದರೆ ತಾವು ಈ ವೃತ್ತಿಗೆ ಇಳಿಯಲಿರುವುದರಿಂದ ಮೂರನೆಯ ಪ್ರಕರಣವನ್ನು ಹೆಚ್ಚು ಗಮನಿಸಬೇಕು. 1945ರ ಮೇ 7ರ ನಸುಕಿನಲ್ಲಿ ಫ್ರಾನ್ಸಿನ ರೀಮ್ಸ್ ನಗರದಲ್ಲಿ ಜರ್ಮನಿಯ ಶರಣಾಗತಿಗೆ ಸಹಿ ಬಿದ್ದಾಗ ಅಲ್ಲಿ 17 ಮಂದಿ ಪತ್ರಕರ್ತರಿದ್ದರು. ಸೇನಾ ಪ್ರಧಾನ ಕಚೇರಿ ಅನುಮತಿ ಕೊಡುವವರೆಗೆ ಸುದ್ದಿ ಪ್ರಕಟಿಸುವುದಿಲ್ಲವೆಂದು ಅವರೆಲ್ಲ ಮಾತು ಕೊಟ್ಟಿದ್ದರು. ಬರ್ಲಿನ್‌ನಲ್ಲಿ ಮತ್ತೊಂದು ಸಹಿ ಸಮಾರಂಭ ನಡೆಯಬೇಕೆಂಬ ಸೋವಿಯತ್ ಒಕ್ಕೂಟದ ಇಚ್ಛೆಗಾಗಿ ಆ ಅನುಮತಿಯನ್ನು ಮುಂದೂಡಲಾಯಿತು. ಮಧ್ಯಾಹ್ನದ ಹೊತ್ತಿಗೆ ಜರ್ಮನಿಯ ರೇಡಿಯೊವೇ ಶರಣಾಗತಿಯನ್ನು ಸಾರಿತು. ಅಸೋಸಿಯೇಟೆಡ್ ಪ್ರೆಸ್‌ನ ವರದಿಗಾರ ಎಡ್ವರ್ಡ್ ಕೆನಡಿ, ಇನ್ನು ಗುಟ್ಟು ಉಳಿದಿಲ್ಲವೆಂದು ವಾದಿಸಿ, ದೂರವಾಣಿಯ ಮೂಲಕ ಲಂಡನ್ನಿಗೆ ಸುದ್ದಿ ಮುಟ್ಟಿಸಿದರು. ಸಹೋದ್ಯೋಗಿಗಳು ಅವರನ್ನು ವಚನಭ್ರಷ್ಟನೆಂದು ಖಂಡಿಸಿದರು. ಸಂಸ್ಥೆ ಅವರನ್ನು ಕೆಲಸದಿಂದ ತೆಗೆಯಿತು. ಅದೇ ಸಂಸ್ಥೆ 2012ರಲ್ಲಿ, ಕೆನಡಿ ತೀರಿಕೊಂಡು ಹಲವು ದಶಕಗಳಾದ ಮೇಲೆ, ತಾನು ನಡೆದುಕೊಂಡ ರೀತಿಗೆ ಕ್ಷಮೆ ಕೇಳಿತು.

ಟ್ರಿಬ್ಯೂನ್ ಪತ್ರಿಕೆ ಅವಸರದಲ್ಲಿ ಸುಳ್ಳನ್ನು ಅಚ್ಚುಹಾಕಿತು. ಕೆನಡಿ ಬರೆದ ಪ್ರತಿ ಅಕ್ಷರವೂ ನಿಜ. ಅವರ ಮೇಲಿದ್ದ ಆರೋಪ ಸಂಜ್ಞೆಗೆ ಕಾಯಲಿಲ್ಲ ಎಂಬುದು ಮಾತ್ರ. ಸಂಜ್ಞೆ ಕೊಡಬೇಕಾದವರು ಸೈನಿಕರ ಜೀವ ಉಳಿಸುವುದಕ್ಕಾಗಿ ತಡೆದಿದ್ದರೆ ಕೆನಡಿ ಮಾಡಿದ್ದು ಅಕ್ಷಮ್ಯವಾಗುತ್ತಿತ್ತು. ರಾಜಕೀಯ ಅನುಕೂಲಕ್ಕಾಗಿ ತಡೆದಿದ್ದರು, ಶತ್ರುವಿನ ರೇಡಿಯೊ ಆಗಲೇ ಸಾರಿತ್ತು ಎಂಬ ಕಾರಣಕ್ಕೆ ನಾನು ಅವರನ್ನು ಹೊತ್ತಿಗೆ ಮುಂಚೆ ಓಡಿದವರ ಸಾಲಿಗೆ ಸೇರಿಸಲಾರೆ.

ಪ್ರಶ್ನೆ: ಕಂಪನಿಗಳ ವಿಲೀನದ ಸುದ್ದಿಗಳಲ್ಲಿ ‘ಗನ್ ಜಂಪಿಂಗ್’ ಎಂದರೇನು?
— ವಾಣಿಜ್ಯ ಉಪನ್ಯಾಸಕರು, ಹುಬ್ಬಳ್ಳಿ

ಉತ್ತರ: ಇದೇ ನುಡಿಗಟ್ಟು ಕಾನೂನಿನ ಪರಿಭಾಷೆಯಾಗಿ ನೆಲೆಗೊಂಡಿರುವ ರೂಪ ಅದು. ದೊಡ್ಡ ಕಂಪನಿಗಳೆರಡು ಒಂದಾಗುವ ಮೊದಲು ಪೈಪೋಟಿಯ ಮೇಲೆ ನಿಗಾ ಇಡುವ ಸಂಸ್ಥೆಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ನಮ್ಮಲ್ಲಿ ಅದು ಭಾರತೀಯ ಸ್ಪರ್ಧಾ ಆಯೋಗ. ಒಪ್ಪಿಗೆ ಬರುವ ಮೊದಲೇ ವ್ಯವಹಾರವನ್ನು ಜಾರಿಗೆ ತಂದರೆ 2002ರ ಸ್ಪರ್ಧಾ ಕಾಯ್ದೆಯ 43ಎ ಪ್ರಕರಣದ ಅಡಿಯಲ್ಲಿ ದಂಡ ಬೀಳುತ್ತದೆ, ಮುಂದೆ ಆ ವಿಲೀನಕ್ಕೆ ಒಪ್ಪಿಗೆ ಸಿಕ್ಕಿದರೂ ಸರಿ. ಯುರೋಪಿನಲ್ಲಿ 2018ರ ಏಪ್ರಿಲ್‌ನಲ್ಲಿ ಆಲ್ಟೀಸ್ ಎಂಬ ದೂರಸಂಪರ್ಕ ಕಂಪನಿಗೆ ಇದೇ ಕಾರಣಕ್ಕೆ 12.45 ಕೋಟಿ ಯೂರೊ ದಂಡ ವಿಧಿಸಲಾಯಿತು. ಪೋರ್ಚುಗಲ್ ದೇಶದ ಕಂಪನಿಯೊಂದನ್ನು ಕೊಳ್ಳುವ ಪ್ರಕ್ರಿಯೆ ಮುಗಿಯುವ ಮೊದಲೇ ಅದರ ನಿರ್ಧಾರಗಳಲ್ಲಿ ಕೈಯಾಡಿಸಿತ್ತು ಎಂಬುದು ಆರೋಪ. ಷೇರು ಬಿಡುಗಡೆಗೂ ಇಂಥ ಕಟ್ಟುಪಾಡುಗಳಿವೆ. 2004ರಲ್ಲಿ ಗೂಗಲ್ ತನ್ನ ಮೊದಲ ಷೇರು ಬಿಡುಗಡೆಗೆ ಸಿದ್ಧವಾಗುತ್ತಿದ್ದಾಗ, ಪ್ರಚಾರ ಮಾಡಬಾರದ ಅವಧಿಯಲ್ಲಿ ಅದರ ಸ್ಥಾಪಕರ ಸಂದರ್ಶನವೊಂದು ನಿಯತಕಾಲಿಕದಲ್ಲಿ ಪ್ರಕಟವಾಯಿತು. ಕಂಪನಿ ಆ ಸಂದರ್ಶನದ ಪಠ್ಯವನ್ನೇ ತನ್ನ ಅಧಿಕೃತ ವಿವರಣಪತ್ರಕ್ಕೆ ಅನುಬಂಧವಾಗಿ ಸೇರಿಸಬೇಕಾಯಿತು.

ಪ್ರಶ್ನೆ: ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ ಅಲ್ಲವೇ? ನಮ್ಮ ಗಾದೆ ಇರುವಾಗ ಪಿಸ್ತೂಲಿನ ಗೊಡವೆ ಏಕೆ?
— ಗೃಹಿಣಿ, ಶಿವಮೊಗ್ಗ

ಉತ್ತರ: ಗಾದೆ ನಮ್ಮದೇ, ಸೊಗಸಾದದ್ದೇ. ಆದರೆ ಎರಡೂ ಬೇರೆ ಬೇರೆ ನಡವಳಿಕೆಯನ್ನು ಹೇಳುತ್ತವೆ. ಕುಲಾವಿ ಹೊಲಿಸುವವರು ಆಸೆಯ ಭರದಲ್ಲಿ ಆಗದ ಕಾರ್ಯವನ್ನು ಆಗಿಹೋಯಿತೆಂದು ಭಾವಿಸಿದವರು. ಅದರಿಂದ ಬೇರೆಯವರಿಗೆ ನಷ್ಟವಿಲ್ಲ. ಸಂದರ್ಶನ ಮುಗಿದ ಸಂಜೆಯೇ, ನೇಮಕಾತಿ ಪತ್ರ ಕೈಸೇರುವ ಮೊದಲೇ, ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟ ಯುವಕನಿಗೆ ಈ ಗಾದೆ ಸರಿಯಾಗಿ ಒಪ್ಪುತ್ತದೆ. ‘ಜಂಪ್ ದ ಗನ್’ ಎನ್ನುವಾಗ ಪಕ್ಕದಲ್ಲಿ ಕಾಯುತ್ತಿರುವ ಇತರರು ಇದ್ದೇ ಇರುತ್ತಾರೆ. ಎಲ್ಲರಿಗೂ ಒಂದೇ ಕ್ಷಣವೆಂದು ಗೊತ್ತುಮಾಡಿದ ಮೇಲೆ ಅದನ್ನು ಒಬ್ಬರು ಮುರಿದರೆ ಮಾತ್ರ ಆ ಮಾತಿಗೆ ಪೂರ್ತಿ ಬೆಲೆ. ‘ದುಡುಕಿದ’, ‘ಆತುರಪಟ್ಟ’ ಎಂಬ ನಮ್ಮ ಮಾತುಗಳು ಮನುಷ್ಯನ ಸ್ವಭಾವವನ್ನು ಹೇಳುತ್ತವೆ. ಕಾಯುತ್ತಿದ್ದ ಇತರರನ್ನು ಅವು ಕಾಣಿಸುವುದಿಲ್ಲ.

ಹಾಗೆಂದು ಈ ಭಾವ ನಮಗೆ ಹೊಸದೇನೂ ಅಲ್ಲ. ‘ಸಿಗ್ನಲ್ ಜಂಪ್ ಮಾಡಿದ’ ಎಂದು ನಮ್ಮ ಊರುಗಳಲ್ಲಿ ದಿನವೂ ಹೇಳುತ್ತೇವೆ. ಬೆಂಗಳೂರಿನ ಯಾವುದಾದರೂ ದೊಡ್ಡ ವೃತ್ತದಲ್ಲಿ ಸಂಜೆಯ ಹೊತ್ತು ನಿಂತು ನೋಡಿದರೆ, ಕೆಂಪು ದೀಪದ ಕೆಳಗಿನ ಅಂಕಿ ಐದಕ್ಕೆ ಇಳಿಯುತ್ತಿದ್ದಂತೆ ದ್ವಿಚಕ್ರ ವಾಹನಗಳ ಸಾಲು ಬಿಳಿಗೆರೆಯನ್ನು ದಾಟಿ ತೆವಳತೊಡಗುತ್ತದೆ. ಮೂರಕ್ಕೆ ಬರುವಾಗ ಹಿಂದಿನವರು ಹಾರನ್ ಒತ್ತುತ್ತಾರೆ. ಎರಡಿದ್ದಾಗಲೇ ಮುಂದಿನವರು ವೃತ್ತದ ನಡುವೆ ಇರುತ್ತಾರೆ. ಆ ಎರಡು ಸೆಕೆಂಡುಗಳಲ್ಲಿ ಅಡ್ಡರಸ್ತೆಯ ಕೊನೆಯ ವಾಹನವೋ, ರಸ್ತೆ ದಾಟುತ್ತಿರುವ ಮುದುಕರೋ ಅಲ್ಲಿ ಇನ್ನೂ ಇರುತ್ತಾರೆ. ಈ ಇಂಗ್ಲಿಷ್ ಮಾತಿನ ತಿರುಳನ್ನು ಮನೆಯವರಿಗೆ ತಿಳಿಸಲು ತಾವು ಇದನ್ನೇ ಬಳಸಬಹುದು.

ಪ್ರಶ್ನೆ: ನಮ್ಮ ವಲಯ ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ 100 ಮೀಟರ್ ಓಟಕ್ಕೆ ಮಕ್ಕಳು ಪದೇ ಪದೇ ಮುಂಚೆ ಓಡಿಬಿಡುತ್ತಾರೆ. ಅಂತರರಾಷ್ಟ್ರೀಯ ನಿಯಮದಂತೆ ಮೊದಲ ಸಲವೇ ಹೊರಗೆ ಕಳುಹಿಸಬೇಕೇ?
— ದೈಹಿಕ ಶಿಕ್ಷಣ ಶಿಕ್ಷಕರು, ಗದಗ ಜಿಲ್ಲೆ

ಉತ್ತರ: ಹತ್ತು ಹನ್ನೆರಡು ವರ್ಷದ ಮಗುವಿಗೆ ಆ ನಿಯಮವನ್ನು ಅನ್ವಯಿಸುವುದು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಡೆಕಾಥ್ಲಾನ್, ಹೆಪ್ಟಾಥ್ಲಾನ್‌ನಂತಹ ಸಂಯುಕ್ತ ಸ್ಪರ್ಧೆಗಳ ಓಟಗಳಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲೂ ಒಂದು ಎಚ್ಚರಿಕೆಯ ಅವಕಾಶ ಇಂದಿಗೂ ಇದೆ; ಮಕ್ಕಳಿಗೆ ಅದಕ್ಕಿಂತ ಕಡಿಮೆ ಔದಾರ್ಯ ಏಕೆ? ತಮ್ಮ ಕೂಟದ ಸಂಘಟಕರು ಮೊದಲೇ ಸಭೆಯಲ್ಲಿ ತೀರ್ಮಾನಿಸಿ, ಎಲ್ಲ ಶಾಲೆಗಳಿಗೂ ತಿಳಿಸಿ, ಮಕ್ಕಳಿಗೆ ಒಂದು ಎಚ್ಚರಿಕೆಯ ಪದ್ಧತಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಮಕ್ಕಳು ಮುಂಚೆ ಓಡುವುದಕ್ಕೆ ಎಷ್ಟೋ ಸಲ ಚಾಲನೆ ಕೊಡುವವರೇ ಕಾರಣರಾಗಿರುತ್ತಾರೆ. ‘ಆನ್ ಯುವರ್ ಮಾರ್ಕ್ಸ್’, ‘ಸೆಟ್’, ಸೀಟಿ, ಈ ಮೂರನ್ನೂ ಒಂದೇ ತಾಳದಲ್ಲಿ ಹೇಳಿಬಿಟ್ಟರೆ ಮಕ್ಕಳು ತಾಳವನ್ನು ಹಿಡಿದು ಓಡುತ್ತಾರೆ, ಸದ್ದನ್ನು ಕೇಳಿ ಅಲ್ಲ. ‘ಸೆಟ್’ ಎಂದ ಮೇಲೆ ಸಾಲಿನ ಪ್ರತಿ ಮಗುವೂ ಅಲುಗಾಡದೆ ನಿಲ್ಲುವವರೆಗೆ ಕಾಯಬೇಕು. ಆ ಕಾಯುವಿಕೆ ಪ್ರತಿ ಓಟದಲ್ಲೂ ಒಂದೇ ಅಳತೆಯದಾಗಿರಬಾರದು. ಯಾವುದಾದರೂ ಮಗು ಅಲುಗಾಡಿದರೆ ಸದ್ದು ಮಾಡದೆ, ಗದರದೆ, ಎಲ್ಲರನ್ನೂ ಎದ್ದು ನಿಲ್ಲಲು ಹೇಳಿ ಮೊದಲಿನಿಂದ ಆರಂಭಿಸಿ. ಅದು ಯಾರ ಲೆಕ್ಕಕ್ಕೂ ತಪ್ಪಾಗಿ ಸೇರಬಾರದು. ಪಿಸ್ತೂಲು ಇಲ್ಲದ ಕಡೆ ಸೀಟಿಗಿಂತ ಎರಡು ಹಲಗೆಗಳನ್ನು ಬಡಿದು ಸದ್ದು ಮಾಡುವ ಮರದ ಕ್ಲ್ಯಾಪರ್ ಉತ್ತಮ, ಏಕೆಂದರೆ ಗುರಿಗೆರೆಯಲ್ಲಿ ಸ್ಟಾಪ್‌ವಾಚ್ ಹಿಡಿದವರಿಗೆ ಹಲಗೆಗಳು ಕೂಡುವುದು ಕಣ್ಣಿಗೆ ಕಾಣುತ್ತದೆ. ಸದ್ದು 100 ಮೀಟರ್ ದೂರ ಸಾಗಲು ಸುಮಾರು 0.3 ಸೆಕೆಂಡ್ ಹಿಡಿಯುತ್ತದೆ; ಸದ್ದನ್ನು ಕೇಳಿ ಗಡಿಯಾರ ಒತ್ತಿದರೆ ಪ್ರತಿ ಮಗುವಿನ ಸಮಯವೂ ಅಷ್ಟು ಕಡಿಮೆಯಾಗಿ ದಾಖಲಾಗುತ್ತದೆ. ಪಿಸ್ತೂಲು ಬಳಸುವಾಗಲೂ ಹೊಗೆ ಅಥವಾ ಕಿಡಿಯನ್ನು ನೋಡಿಯೇ ಗಡಿಯಾರ ಒತ್ತಬೇಕೆಂಬುದು ನಿಯಮ. ಮತ್ತೊಬ್ಬ ಶಿಕ್ಷಕರನ್ನು ಓಟದ ಪಥದ ಪಕ್ಕದಲ್ಲಿ, ಆರಂಭದ ಗೆರೆಗಿಂತ ಸ್ವಲ್ಪ ಮುಂದೆ, ಇನ್ನೊಂದು ಕ್ಲ್ಯಾಪರ್ ಕೊಟ್ಟು ನಿಲ್ಲಿಸಿಕೊಳ್ಳಿ. ಯಾರಾದರೂ ಮುಂಚೆ ಓಡಿದರೆ ಅವರು ಎರಡನೆಯ ಸದ್ದು ಮಾಡಿ ಎಲ್ಲರನ್ನೂ ಕೂಡಲೇ ಹಿಂದಕ್ಕೆ ಕರೆಯಬೇಕು. ಇಲ್ಲವಾದರೆ ತಪ್ಪಿಲ್ಲದ ಮಕ್ಕಳು ಪೂರ್ತಿ ದೂರ ಓಡಿ ದಣಿದ ಮೇಲೆ ಮತ್ತೆ ಓಡಬೇಕಾಗುತ್ತದೆ.